ಆರನೆಯ ಪ್ಯಾಟರ್ನ್

ಹಿತ್ತಲ ಬಾಗಿಲನ್ನು ಯಾರೋ ತಟ್ಟಿದರು. ಎರಡು ಬಡಿತ ಒಟ್ಟಿಗೆ. ತುಸು ತಡೆದು ಮೂರನೆಯದು.

ಭಜನೆಯವರು ತಾಳಗಳನ್ನು ಕೆಳಗಿಟ್ಟು ಚಹಾ ಕುಡಿಯುತ್ತಿದ್ದರು. ಇಲ್ಲದಿದ್ದರೆ ಆ ಸದ್ದು ನೇತ್ರಾಳ ಕಿವಿಗೆ ಬೀಳುತ್ತಲೇ ಇರಲಿಲ್ಲ. ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದ ತಂದೆಯ ದೇಹದ ಮುಂದೆ ದೀಪಕ್ಕೆ ಎಣ್ಣೆ ಎರೆಯುತ್ತಿದ್ದವಳು ಎದ್ದು, ಅಡುಗೆಮನೆ ದಾಟಿ, ಚಿಲಕ ತೆಗೆದಳು. ಹೊರಗೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಗೋಣಿಚೀಲದ ತುಂಡಿನಲ್ಲಿ ಸುತ್ತಿದ ಒಂದು ಗಂಟು ಮಾತ್ರ ಇತ್ತು.

ಫೋನಿನ ಬೆಳಕಿನಲ್ಲಿ ಬಿಚ್ಚಿ ನೋಡಿದಳು. ಮುಷ್ಟಿಗಾತ್ರದ ಅಲ್ಯೂಮಿನಿಯಂ ಕೊಳವೆ. ಮೊಣಕೈಯಂತೆ ಬಾಗಿದ್ದು, ಬುಡದಲ್ಲಿ ಬೋಲ್ಟಿಗಾಗಿ ಮೂರು ತೂತುಗಳಿದ್ದವು. ಕಾರಿನ ಎಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿ ಅದು. ಎಂಟು ತಿಂಗಳ ಹಿಂದೆ, ಇದೇ ಹಿತ್ತಲಿನ ಶೆಡ್ಡಿನಿಂದ ಅಂಥದೇ ಒಂದು ಕಳುವಾಗಿತ್ತು.

ಓಣಿಯ ತುದಿಯಲ್ಲಿ ಒಂದು ಬೈಕ್ ಚಾಲೂ ಆಗಿ ದೂರ ಸರಿಯಿತು.

"ಯಾರಬೇ ಅದು?" ಒಳಗಿನಿಂದ ತಾಯಿ ಅಕ್ಕವ್ವನ ದನಿ. ಸಂಜೆಯಿಂದ ಆಕೆ ಅಡುಗೆಮನೆಯ ಜೋಳದ ಡ್ರಮ್ಮಿಗೆ ಬೆನ್ನು ಕೊಟ್ಟು ಕುಳಿತವಳು ಅಲ್ಲಿಂದ ಏಳಲು ಒಪ್ಪಿರಲಿಲ್ಲ.

"ಯಾರೂ ಇಲ್ಲವ್ವ. ನಾಯಿ ಇರಬೇಕು."

ಸುಳ್ಳು ತಾನಾಗಿ ಬಾಯಿಗೆ ಬಂತು. ನೇತ್ರಾ ಬೆಳಗಾವಿಯಲ್ಲಿ ವಾಹನ ವಿಮೆಯ ಸರ್ವೇಯರ್. ಅಪಘಾತದಲ್ಲಿ ನುಗ್ಗಾದ ಗಾಡಿಗಳನ್ನು ನೋಡಿ, ಯಾರು ಖರೇ ಹೇಳುತ್ತಿದ್ದಾರೆ, ಯಾರು ಹೇಳುತ್ತಿಲ್ಲ ಎಂದು ಬರೆದುಕೊಡುವುದು ಅವಳ ಉದ್ಯೋಗ. ಸಿಕ್ಕ ವಸ್ತು ಯಾರದೆಂದು ತಿಳಿಯುವವರೆಗೆ ಯಾರಿಗೂ ತೋರಿಸಬಾರದು ಎಂಬುದು ಹನ್ನೊಂದು ವರ್ಷಗಳ ರೂಢಿ.

ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಬಂದಳು. ವಸ್ತು ಯಾರದೋ ಗೊತ್ತಿರಲಿಲ್ಲ. ಬಡಿತ ಯಾರದೆಂದು ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷ, ಪ್ರತಿ ರವಿವಾರ, ಆ ಬಾಗಿಲನ್ನು ಹಾಗೆ ಬಡಿಯುತ್ತಿದ್ದವನು ಒಬ್ಬನೇ.

*

ಖಾನಾಪುರದ ಓಣಿಯಲ್ಲಿ ನೇತ್ರಾಳ ತಂದೆಯ ಹೆಸರು ಈರಣ್ಣ. ಬೆಳಗಾವಿಯ ಉದ್ಯಮಬಾಗದಲ್ಲಿ ಪ್ಯಾಟರ್ನ್ ಈರಣ್ಣ. ಮೂವತ್ತೆಂಟು ವರ್ಷ ದಿನಾ ಬಸ್ಸಿನಲ್ಲಿ ಹೋಗಿ, ಒಂದೇ ಫೌಂಡ್ರಿಯಲ್ಲಿ, ಕಟ್ಟಿಗೆಯಲ್ಲಿ ಲೋಹದ ರೂಪಗಳನ್ನು ಕೆತ್ತಿದ. ಆ ಕಟ್ಟಿಗೆಯ ರೂಪವೇ ಪ್ಯಾಟರ್ನ್. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಪೊಳ್ಳಿನಲ್ಲಿ ಕರಗಿದ ಲೋಹ ಎರೆಯುತ್ತಾರೆ. ಲೋಹ ಆರುವಾಗ ಕುಗ್ಗುತ್ತದೆ. ಆದ್ದರಿಂದ ಪ್ಯಾಟರ್ನ್ ಒಂದು ಕೂದಲಿನಷ್ಟು ದೊಡ್ಡದಿರಬೇಕು. ಅದಕ್ಕೆಂದೇ ಬೇರೆ ಸ್ಕೇಲ್ ಇರುತ್ತದೆ. ಅದರ ಒಂದು ಅಡಿ, ಅಂಗಡಿಯ ಒಂದು ಅಡಿಗಿಂತ ತುಸು ಹೆಚ್ಚು.

ಈರಣ್ಣನ ಪ್ಯಾಟರ್ನುಗಳು ಎರಡು ಹೋಳಿನವು. ಕೂಡಿಸಿದರೆ ಸಂದು ಕಾಣದಷ್ಟು ಬಿಗಿ. ಒಳಮೈಯಲ್ಲಿ ಅವನು ಪೆನ್ಸಿಲ್ಲಿನಿಂದ ಬರೆಯುತ್ತಿದ್ದ: ಒಂದು ಹೋಳಿನ ಮೇಲೆ ಅಳತೆ, ಇನ್ನೊಂದರ ಮೇಲೆ ಕೆಲಸ ಯಾರಿಗಾಗಿಯೋ ಅವರ ಹೆಸರು. ಬಿಚ್ಚಿ ಓದುವವನು ಮರಳು ಬಡಿದು ಕೂರಿಸುವ ಮೋಲ್ಡರ್ ಮಾತ್ರ. ಅಲ್ಲಿ ಮೂವತ್ತು ವರ್ಷ ಆ ಮೋಲ್ಡರ್ ಅಲ್ಲಾಭಕ್ಷ.

"ನಮ್ಮ ಅಣ್ಣ ವೈನಿಗೆ ಒಂದು ರೊಟ್ಟಿ ಹಲಗಿ ಮಾಡಿಕೊಟ್ಟಿದ್ದ" ಎಂದು ಈರಣ್ಣನ ತಮ್ಮ ಯಲ್ಲೇಶ ಬೆಳಗಿನ ಜಾವ ಭಜನೆಯವರಿಗೆ ಹೇಳುತ್ತಿದ್ದ. "ಅಳತಿಗಿಂತ ಒಂದು ಕೂದಲ ದೊಡ್ಡದು. ಯಾಕೋ ಅಂದ್ರ, ರೊಟ್ಟಿ ಆರಿದ ಮ್ಯಾಲೆ ಸಣ್ಣ ಆಗ್ತಾವಲೇ ಅಂದ."

ನಕ್ಕವರು ಹೆಣದ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಹಣೆತುಂಬ ವಿಭೂತಿ ಧರಿಸಿ ಕುಳಿತಿದ್ದ ಈರಣ್ಣನ ಬಲಗೈಯ ಹೆಬ್ಬೆರಳಿಗೆ ಅಂಟಿದ್ದ ವಾರ್ನಿಷ್ ಸ್ನಾನ ಮಾಡಿಸಿದರೂ ಹೋಗಿರಲಿಲ್ಲ. ಹಿಂದಿನ ಮಧ್ಯಾಹ್ನ ಅವನು ಶೆಡ್ಡಿನಲ್ಲೇ, ಮರಳುಕಾಗದ ಕೈಯಲ್ಲಿ ಹಿಡಿದಂತೆಯೇ ಕುಸಿದಿದ್ದ.

*

ಹಿತ್ತಲ ಶೆಡ್ಡಿನಲ್ಲಿದ್ದ ಕಾರನ್ನು ಫೌಂಡ್ರಿಯ ಮಾಲಕನ ತಂದೆ ಎಂದೋ ಹೊಸದಾಗಿ ತರಿಸಿದ್ದರಂತೆ. ಎರಡೇ ಸೀಟಿನ, ಮಡಚುವ ಛಾವಣಿಯ, ಕಡ್ಡಿಚಕ್ರಗಳ, ಎಂ.ಜಿ. ಎಂಬ ಇಂಗ್ಲಿಷ್ ಕಾರು. ಅವರು ತೀರಿಕೊಂಡ ಮೇಲೆ ಅದು ಪ್ಯಾಟರ್ನ್ ಗೋದಾಮಿನ ಮೂಲೆ ಸೇರಿತು. ಮೀಟರಿನಲ್ಲಿ ಆರು ಸಾವಿರದ ನೂರಾ ಹದಿನೆಂಟು ಮೈಲಿ. ನಲವತ್ತು ವರ್ಷ ಅದಕ್ಕೆ ಒಂದೂ ಕೂಡಲಿಲ್ಲ. ಈರಣ್ಣ, ಅಲ್ಲಾಭಕ್ಷ ಅದರ ಬಾನೆಟ್ಟಿನ ಮೇಲೆ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಫೌಂಡ್ರಿ ಮುಚ್ಚಿದ ವರ್ಷ ಮಾಲಕ, ಇಷ್ಟು ದಿನ ನೋಡಿದವರು ನೀವೇ, ಒಯ್ಯಿರಿ ಎಂದು ಕಾಗದ ಬರೆದುಕೊಟ್ಟ.

ಟೆಂಪೋದಲ್ಲಿ ಖಾನಾಪುರಕ್ಕೆ ತಂದಾಗ ಸೀಟಿನೊಳಗೆ ಇಲಿಮರಿಗಳಿದ್ದವು, ಎಂಜಿನ್ ಜಾಮ್ ಆಗಿತ್ತು, ಕಾಲಡಿಯ ಹಲಗೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಕಟ್ಟಿಗೆಯ ಕೆಲಸ ಈರಣ್ಣನದು, ಲೋಹದ್ದು ಪ್ರತಿ ರವಿವಾರ ಬರುತ್ತಿದ್ದ ಅಲ್ಲಾಭಕ್ಷನದು. ಎಂಜಿನ್ನಿಗೆ ಡೀಸೆಲ್ ಹನಿಸಿ, ವಾರಕ್ಕೊಮ್ಮೆ ಒಂದು ನೂಲಿನಷ್ಟು ತಿರುಗಿಸಿ, ಅದನ್ನು ಸಡಿಲ ಮಾಡುವುದಕ್ಕೇ ಒಂದೂವರೆ ವರ್ಷ ಹಿಡಿಯಿತು.

ಅಕ್ಕವ್ವ ಶೆಡ್ಡಿಗೆ ಬರುತ್ತಿದ್ದುದು ಚಹಾ ಕೊಡಲು. ಬಂದಾಗಲೆಲ್ಲ ಒಂದೇ ಪ್ರಶ್ನೆ: "ಇನ್ನ ಎಷ್ಟು ಕೆಲಸ ಉಳದೈತಿ?" ಬಹಳ ಉಳಿದಿದೆ ಎಂದರೆ ಆಕೆಯ ಮುಖ ತಿಳಿಯಾಗುತ್ತಿತ್ತು. ಈರಣ್ಣನ ಜೊತೆಗಾರ ಮಾಯಪ್ಪ ನಿವೃತ್ತನಾಗಿ, ಮನೆ ಕಟ್ಟಿಸುವುದರಲ್ಲಿ ಮೂರು ವರ್ಷ ಓಡಾಡಿ, ಮನೆ ಮುಗಿದ ನಲವತ್ತನೆಯ ದಿನ ಹೊಸ ಪಡಸಾಲೆಯಲ್ಲಿ ಕುಳಿತಲ್ಲೇ ಹೋಗಿದ್ದ. ಈರಣ್ಣನಿಗೆ ಎದೆನೋವು ಬಂದಾಗ ಡಾಕ್ಟರರು, ಕೈಗೆ ಕೆಲಸ ಇರಲಿ, ಸುಮ್ಮನೆ ಕೂರಿಸಬೇಡಿ ಎಂದಿದ್ದರು. ಆ ಮಾತನ್ನು ಆಕೆ ಮರೆತಿರಲಿಲ್ಲ.

ಎಂಟು ತಿಂಗಳ ಹಿಂದಿನ ಒಂದು ರವಿವಾರ ಎಂಜಿನ್ ಚಾಲೂ ಮಾಡುವುದೆಂದು ನಿಶ್ಚಯವಾಯಿತು. ಅಕ್ಕವ್ವ ಹುಗ್ಗಿ ಮಾಡಿದ್ದಳು. ಬೆಳಗಾವಿಯ ಸದಾಶಿವನಗರದ ತನ್ನ ಮನೆಯಿಂದ ನೇತ್ರಾ ತೆಂಗಿನಕಾಯಿ ತಂದಿದ್ದಳು. ಶೆಡ್ಡಿನ ಬಾಗಿಲು ತೆರೆದರೆ, ತಿಕ್ಕಿ ಬೆಳಗಿಸಿ ಮೇಜಿನ ಮೇಲೆ ಇಟ್ಟಿದ್ದ ಆ ಕೊಳವೆ ಇರಲಿಲ್ಲ. ಬೀಗ ಮುರಿದಿರಲಿಲ್ಲ.

ಮೂರು ತಾಸು ಹುಡುಕಿದರು. ಕೊನೆಗೆ ಈರಣ್ಣ ಗೆಳೆಯನ ಮುಖ ನೋಡದೆ ಹೇಳಿದ: "ಶೆಡ್ಡಿಗೆ ಎರಡ ಕೀಲಿ, ಅಲ್ಲಾಭಕ್ಷ. ಒಂದು ನನ್ನ ಕಡೆ ಐತಿ."

ಅಲ್ಲಾಭಕ್ಷನ ಅಕ್ಕನ ಮಗ ಜುನೈದ ಹಳೆಯ ಗಾಡಿಗಳ ಬಿಡಿಭಾಗ ಮಾರುವವನು. ಈರಣ್ಣ ಆ ಹೆಸರೆತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಅಲ್ಲಾಭಕ್ಷ ಕಿಸೆಯಿಂದ ತನ್ನ ಕೀಲಿ ತೆಗೆದು ಮೇಜಿನ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿ ನಡೆದ. ಹುಗ್ಗಿ ಯಾರೂ ಉಣ್ಣಲಿಲ್ಲ. ಆ ಸಂಜೆ ನೇತ್ರಾ ಅವನಿಗೆ ಫೋನ್ ಮಾಡಿ, ಇನ್ನೊಮ್ಮೆ ಈ ಮನೆಯ ಮೆಟ್ಟಿಲು ತುಳಿದರೆ ಪೊಲೀಸರಿಗೆ ಬರೆದುಕೊಡುತ್ತೇನೆ ಎಂದಿದ್ದಳು.

*

ಬೆಳಕು ಹರಿದ ಮೇಲೆ ನೇತ್ರಾ ಅಡುಗೆಮನೆಗೆ ಬಂದಳು. ಶೆಡ್ಡಿನ ಕೀಲಿ ಎಂದಿನಂತೆ ಜೋಳದ ಡ್ರಮ್ಮಿನ ಮೇಲುಗಡೆಯ ಮೊಳೆಯಲ್ಲಿ ತೂಗುತ್ತಿತ್ತು. ತಾಯಿಯ ತಲೆಯ ಮೇಲಿಂದ ಕೈ ಚಾಚಿ ತೆಗೆದುಕೊಂಡಳು. ಅಕ್ಕವ್ವ ಕೀಲಿಯನ್ನು ನೋಡಿದಳು.

ಕಡುಹಸಿರು ಬಣ್ಣದ ಕಾರು ಕವಚದ ಕೆಳಗೆ ಕುಳಿತಿತ್ತು. ನೇತ್ರಾ ಬಾನೆಟ್ ಎತ್ತಿ, ರಾತ್ರಿ ಸಿಕ್ಕ ಕೊಳವೆಯನ್ನು ಎಂಜಿನ್ನಿನ ಮೂರು ಬೋಲ್ಟುಗಳ ಮೇಲೆ ಇಟ್ಟಳು. ಒತ್ತುವ ಮೊದಲೇ ಅದು ಜಾರಿ ಕುಳಿತುಬಿಟ್ಟಿತು.

ಕದ್ದ ಮಾಲು ಮರಳಿ ಬಂದಿದೆ ಎಂದುಕೊಂಡಿದ್ದಳು. ಹಗಲಿನಲ್ಲಿ ನೋಡಿದರೆ ಇದು ಹಳೆಯದಲ್ಲ. ಅರದಿಂದ ಉಜ್ಜಿದ ಗುರುತು ಹಸಿಹಸಿಯಾಗಿತ್ತು. ಯಾರೋ ಹೊಸದಾಗಿ ಎರಕ ಹೊಯ್ದಿದ್ದಾರೆ. ಅವಳ ಸಂಶಯ ಇನ್ನಷ್ಟು ಬಲಿಯಿತು. ಗೂಡಿನಲ್ಲಿ ತಂದೆ ಈ ಎಂಟು ತಿಂಗಳಲ್ಲಿ ನೆನಪಿನಿಂದ ಮಾಡಿದ ಐದು ಪ್ಯಾಟರ್ನುಗಳು ಸಾಲಾಗಿದ್ದವು. ಐದರಿಂದಲೂ ಬೇರೆ ಕಡೆ ಎರಕ ಹೊಯ್ಯಿಸಿದ್ದ. ಐದೂ ಬೋಲ್ಟುಗಳಿಗೆ ಕೂಡಿರಲಿಲ್ಲ. ಆರನೆಯದಾದ ಈ ಎರಕ ಮಾತ್ರ ಇಷ್ಟು ನಿಖರ. ಅಸಲಿ ವಸ್ತು ಮುಂದಿಟ್ಟುಕೊಳ್ಳದೆ ಇದನ್ನು ಮಾಡಲು ಯಾರಿಂದ ಸಾಧ್ಯ?

ಅಂಗಳದಲ್ಲಿ ಯಲ್ಲೇಶನ ದನಿ ಏರಿತು. ಗೇಟಿನಲ್ಲಿ ಅಲ್ಲಾಭಕ್ಷ ನಿಂತಿದ್ದ. ಒಗೆದ ಬಿಳಿ ಅಂಗಿ, ಹೆಗಲಿಗೆ ಬಟ್ಟೆಯ ಚೀಲ, ನಿದ್ದೆಯಿಲ್ಲದ ಕಣ್ಣು. ಬೈಕ್ ನಿಲ್ಲಿಸಿ ರಾತ್ರಿಯೆಲ್ಲ ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆದವನಂತಿದ್ದ.

"ಕಾಕಾ, ಒಳಗ ಬಿಡ್ರಿ" ಎಂದಳು ನೇತ್ರಾ. "ಶೆಡ್ಡಿನ ತನಕ."

ಶೆಡ್ಡಿನಲ್ಲಿ ಅವಳು ನೇರವಾಗಿ ಕೇಳಿದಳು. "ರಾತ್ರಿ ಬಂದಾವರು ನೀವ. ಇದ್ನ ಇಟ್ಟಾವರು ನೀವ. ಹೌದಲ್ರಿ, ಚಾಚಾ?"

"ನಾನ. ಬಾಗಲಾ ಬಡದೆ. ಆಮ್ಯಾಲೆ ನೀ ಫೋನಿನ್ಯಾಗ ಅಂದಿದ್ದು ನೆನಪಾತು. ಇಟ್ಟು ಹೋದೆ."

"ಅಳತಿ ಎಲ್ಲಿಂದ ಬಂತು?"

"ನಿಮ್ಮಪ್ಪನ ಪ್ಯಾಟರ್ನ್."

"ಅಪ್ಪ ನಿಮ್ಮ ಕೂಡ ಮಾತು ಬಿಟ್ಟು ಎಂಟು ತಿಂಗಳಾತು. ಪ್ಯಾಟರ್ನ್ ಯಾರು ತಂದುಕೊಟ್ರು?"

ಅವನು ಗೂಡಿನ ಹತ್ತಿರ ಹೋಗಿ ಐದು ಪ್ಯಾಟರ್ನುಗಳಲ್ಲಿ ಒಂದನ್ನು ಎತ್ತಿ, ಬೆರಳಲ್ಲಿ ಅಳೆದು, ಕೆಳಗಿಟ್ಟ. ಇನ್ನೊಂದನ್ನು ಎತ್ತಿದ. ಅವನ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಬೇರೇನೋ.

"ಇವನ್ನ ಅಂಗಡಿ ಸ್ಕೇಲಿನ್ಯಾಗ ಮಾಡ್ಯಾನ. ಕುಗ್ಗೂದಕ್ಕ ಒಂದು ಕೂದಲನೂ ಬಿಟ್ಟಿಲ್ಲ."

"ವಯಸ್ಸಾಗಿತ್ತು. ಮರತಿರಬೇಕು."

"ಈರಣ್ಣ ತನ್ನ ಹೆಸರು ಮರತಾನು, ಅದನ್ನ ಮರಿಯೂದಿಲ್ಲ. ಬೇಕಂತನ ಮಾಡ್ಯಾನ."

"ಯಾಕ?"

"ಅದ್ನ ಅವನ್ನ ಕೇಳಬೇಕಾಗಿತ್ತು." ಅವನು ಕಾರಿನ ಕಡೆ ನೋಡಲೇ ಇಲ್ಲ. "ನೇತ್ರಾ, ನಾ ಬಂದಿದ್ದು ಒಂದು ಕೆಲಸಕ್ಕ. ನಾ ಹೋದ್ರ ಮಣ್ಣು ನೀ ಕೂರಸು, ನೀ ಹೋದ್ರ ನಾ ಕೂರಸ್ತೇನಂತ ನಮ್ಮಿಬ್ಬರದೂ ಮಾತು ಆಗಿತ್ತು. ಅಷ್ಟು ಮಾಡಿ ಹೋಗತೇನಿ."

ಆ ಮಾತು ಅವಳಿಗೂ ಗೊತ್ತಿತ್ತು. ತಂದೆ ನೂರು ಸಲ ನಗುತ್ತ ಹೇಳಿದ್ದ. ಆದರೆ ಕಳುವಿನ ಸಂಶಯ ಹೊತ್ತವನ ಕೈಯಿಂದ ತಂದೆಯ ಮೇಲೆ ಮಣ್ಣು ಬೀಳುವುದು ಅವಳಿಗೆ ಸಹಿಸಲಾಗದ ಸಂಗತಿ.

"ಪ್ಯಾಟರ್ನ್ ತಂದವರ ಹೆಸರು ಹೇಳ್ರಿ. ಹೇಳಿದ್ರ ಮಣ್ಣು ನೀವ ಕೂರಸ್ರಿ. ಇಲ್ಲಂದ್ರ ದೂರ ನಿಂದರಬೇಕು."

"ಹಂಗಾದ್ರ ದೂರ ನಿಂದರತೇನಿ" ಎಂದ ಅಲ್ಲಾಭಕ್ಷ.

*

ಶವ ಕೂರಿಸಿ ಒಯ್ಯುವ ವಿಮಾನ ಕಟ್ಟುವಾಗ, ಚೆಂಡುಹೂವಿನ ಮಾಲೆಯನ್ನು ಬಿದಿರಿಗೆ ಸುತ್ತುತ್ತಿದ್ದ ನೇತ್ರಾಳಿಗೆ ಹನ್ನೆರಡು ದಿನದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ತಾಯಿ ಎಂದೂ ಒಬ್ಬಳೇ ಬೆಳಗಾವಿಗೆ ಬಂದವಳಲ್ಲ. ಅಂದು ಬಂದಿದ್ದಳು. ಮಗಳನ್ನು ನೋಡಬೇಕೆನಿಸಿತು ಎಂದಳು. ತಾಸಿನ ದಾರಿಗೆ ಹತ್ತು ಗಂಟೆಯ ಬಸ್ಸು ಹಿಡಿದವಳು ಸದಾಶಿವನಗರ ಮುಟ್ಟಿದ್ದು ಎರಡಕ್ಕೆ. ಕಾಲು ತೊಳೆಯುವಾಗ ಬಚ್ಚಲಿನಲ್ಲಿ ಕಪ್ಪು ಮರಳು ಹರಿದಿತ್ತು. ಫೌಂಡ್ರಿಯ ನೆಲವನ್ನು ತುಳಿಯದೆ ಅಂಥ ಮರಳು ಕಾಲಿಗೆ ಹತ್ತುವುದಿಲ್ಲ. ಉದ್ಯಮಬಾಗದಲ್ಲಿ ಅಲ್ಲಾಭಕ್ಷನಿಗೆ ಈಗಲೂ ಒಂದು ಸಣ್ಣ ಕುಲುಮೆ ಇತ್ತು.

ಅವಳು ತಾಯಿಯ ಬಳಿ ಹೋಗಿ ಕುಳಿತಳು. ಮೆಲ್ಲಗೆ ಕೇಳಿದಳು. ಅಕ್ಕವ್ವ, ಹೌದು, ಪ್ಯಾಟರ್ನ್ ನಾನೇ ಒಯ್ದುಕೊಟ್ಟೆ ಎಂದಳು. ನಿಮ್ಮಪ್ಪನೇ ಕೊಟ್ಟರು, ಅಲ್ಲಾಭಕ್ಷನ ಕೈಯಲ್ಲಿಟ್ಟು ಬಾ, ಬೇರೇನೂ ಮಾತಾಡಬೇಡ ಎಂದರು. ಇಟ್ಟು ಬಂದೆ.

"ಅಷ್ಟ ಆದ್ರ ಚಾಚಾ ಹೇಳಾಕ ಯಾಕ ಒಲ್ಲೆ ಅಂತಾರ?"

ಅಕ್ಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಬ್ಬರೂ ಸೇರಿ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದು ನೇತ್ರಾಳಿಗೆ ಖಚಿತವಾಯಿತು. ಏನನ್ನು ಎಂಬುದಷ್ಟೇ ಉಳಿದಿತ್ತು.

*

ಮಲಪ್ರಭೆಯ ದಂಡೆಯ ರುದ್ರಭೂಮಿಯಲ್ಲಿ ಕುಣಿ ಸಿದ್ಧವಾಗಿತ್ತು. ಈರಣ್ಣನನ್ನು ಚಕ್ಕಳಮಕ್ಕಳದಲ್ಲಿ ಒಳಗೆ ಇಳಿಸಿ ಕೂರಿಸಿದರು. ವಿಧಿ ನಡೆಸುವ ಅಯ್ನೋರು ಎಡಗೈಯಲ್ಲಿ ಇಷ್ಟಲಿಂಗ ಇಟ್ಟರು. ಒಬ್ಬೊಬ್ಬರಾಗಿ ಬಂದು ಮಡಿಲಿಗೆ ವಿಭೂತಿ, ಬಿಲ್ವಪತ್ರೆ ಹಾಕತೊಡಗಿದರು. ದೂರ ಬೇವಿನ ಮರದ ಕೆಳಗೆ ನಿಂತಿದ್ದ ಅಲ್ಲಾಭಕ್ಷ, ಸಾಲಿನ ಕೊನೆಗೆ ಬಂದು ಸೇರಿದ. ವಿಭೂತಿ ಹಾಕುವುದನ್ನು ಯಾರೂ ತಡೆಯುವಂತಿರಲಿಲ್ಲ.

ನೇತ್ರಾ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಬಾಗಿದ. ಬಟ್ಟೆಯ ಚೀಲದೊಳಗೆ ಹೋದ ಬಲಗೈ ಮುಷ್ಟಿ ಕಟ್ಟಿಕೊಂಡು ಹೊರಬಂತು. ಅದು ಕುಣಿಯೊಳಗೆ ಇಳಿಯುವ ಮೊದಲೇ ಅವಳು ಮಣಿಕಟ್ಟು ಹಿಡಿದಳು.

"ಕೈ ತಗೀರಿ, ಚಾಚಾ."

ಬೆರಳು ಬಿಡಿಸಿದರೆ ಕಟ್ಟಿಗೆಯ ಕೊಳವೆ. ತಂದೆಯ ಕೈಯ ಕೆಂಪು ವಾರ್ನಿಷ್. ಆರನೆಯ ಪ್ಯಾಟರ್ನ್.

"ಇದ್ನ ಮಣ್ಣಾಗ ಮುಚ್ಚಾಕ ಹೊಂಟಿದ್ರಿ. ಯಾಕ?"

"ಕೆಲಸ ಮುಗದ ಮ್ಯಾಲೆ ಪ್ಯಾಟರ್ನ್ ಮಾಡಿದಾವಗ ವಾಪಸ್ ಕೊಡೂದು ಪದ್ಧತಿ."

"ಮಾಡಿದಾವ ಸತ್ತಾನ."

"ಅದಕ್ಕ ಇಲ್ಲಿಗೆ ತಂದೆ."

ಅವಳ ಹೆಬ್ಬೆರಳು ಸಂದಿನ ಮೇಲೆ ಹೋಯಿತು. ಪ್ಯಾಟರ್ನ್ ತೆರೆಯುತ್ತದೆಂದು ಆ ಗುಂಪಿನಲ್ಲಿ ತಿಳಿದಿದ್ದವರು ಇಬ್ಬರೇ. ಅಲ್ಲಾಭಕ್ಷನ ಕಣ್ಣಿನಲ್ಲಿ ಭಯ ಕಂಡಿತು. ಸುಳ್ಳು ಹೇಳುವವರ ಭಯವನ್ನು ಅವಳು ದಿನಾ ನೋಡುತ್ತಿದ್ದಳು, ಇದು ಹಾಗಿರಲಿಲ್ಲ.

"ಬಿಚ್ಚಬ್ಯಾಡ" ಎಂದ ಅವನು, ಅವಳಿಗೆ ಮಾತ್ರ ಕೇಳುವಂತೆ. "ನನ್ನ ಕಳ್ಳ ಅನ್ನು. ಇಷ್ಟ ಮಂದಿ ಮುಂದ ಅನ್ನು. ಆದ್ರ ಬಿಚ್ಚಬ್ಯಾಡ."

"ತೋರಸು ನೇತ್ರಾ" ಎಂದ ಯಲ್ಲೇಶ. "ಏನೈತಿ ಅಂತ ಎಲ್ಲಾರೂ ನೋಡೂಣು."

ಕುಣಿಯ ಅಂಚಿನಲ್ಲಿ ಕುಳಿತಿದ್ದ ಅಕ್ಕವ್ವ ತಲೆಯೆತ್ತಿದಳು. "ನೇತ್ರಾ, ಅವರನ್ನ ಬಿಡವಾ. ನಾ ಹೇಳತೇನಿ..."

"ವೈನಿ, ನೀವು ಸುಮ್ಕಿರ್ರಿ" ಎಂದ ಅಲ್ಲಾಭಕ್ಷ.

ನೇತ್ರಾ ತಿರುವಿದಳು. ಹೋಳುಗಳು ಬೇರೆಯಾದವು. ಅಳತೆ ಬರೆಯುವ ಹೋಳಿನ ಮೇಲೆ ಅಳತೆ ಇರಲಿಲ್ಲ. ಸಣ್ಣ ಅಕ್ಷರಗಳಲ್ಲಿ, ತಂದೆಯ ಕೈಬರಹದಲ್ಲಿ, ಹೀಗಿತ್ತು: 'ನೀ ಅಲ್ಲ. ಹದಿನೈದು ದಿನಕ್ಕ ಗೊತ್ತಾತು. ಹೇಳಾಕ ಬಾಯಿ ಬರಲಿಲ್ಲ, ತಪ್ಪು ನಂದು. ಜ್ವಾಳದ ಡ್ರಮ್ಮಿನ್ಯಾಗ ಐತಿ. ಕಾರು ಮುಗದ್ರ ನಾ ಉಳಿಯೂದಿಲ್ಲಂತ ಆಕೀಗೆ ಅಂಜಿಕಿ. ಆಕೀ ಮುಂದ ಅನಬ್ಯಾಡ.'

ಐದು ಪ್ಯಾಟರ್ನುಗಳೂ ಒಂದೊಂದು ಕೂದಲು ಕಡಿಮೆಯಾದದ್ದು ಯಾಕೆಂದು ಅವಳಿಗೆ ತಿಳಿಯಿತು. ಕಾರು ಮುಗಿಯದಂತೆ ಎಂಟು ತಿಂಗಳು ನೋಡಿಕೊಂಡವರು ಒಬ್ಬರಲ್ಲ, ಇಬ್ಬರು. ಗೆಳೆಯನಿಗೆ ಕಳಿಸಿದ ಆರನೆಯದನ್ನು ಮಾತ್ರ ಸುಳ್ಳು ಅಳತೆಯಲ್ಲಿ ಮಾಡಲು ತಂದೆಗೆ ಆಗಿರಲಿಲ್ಲ.

ಅವಳು ಇನ್ನೊಂದು ಹೋಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಏನು ಬರದಾರ ನಿಮ್ಮಪ್ಪ?" ಅಕ್ಕವ್ವನ ದನಿ ಕೇಳಿಸೀತೋ ಇಲ್ಲವೋ ಎಂಬಷ್ಟು ಸಣ್ಣದಾಗಿತ್ತು.

ನೇತ್ರಾ ಎರಡು ಹೋಳುಗಳನ್ನು ಕೂಡಿಸಿ ಒತ್ತಿದಳು. ಸಂದು ಮಾಯವಾಯಿತು.

"ಅಳತಿ, ಅವ್ವ. ಬರೇ ಅಳತಿ."

ಆಮೇಲೆ ಪ್ಯಾಟರ್ನನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಭಕ್ಷನ ಮುಂದೆ ಚಾಚಿದಳು. "ಮಣ್ಣು ನೀವ ಕೂರಸ್ರಿ, ಚಾಚಾ."

ಯಲ್ಲೇಶ ಅಣ್ಣನ ಮಗಳ ಮುಖ ನೋಡಿ ಹಿಂದೆ ಸರಿದ. ಅಲ್ಲಾಭಕ್ಷ ಚಪ್ಪಲಿ ಬಿಟ್ಟು ಕುಣಿಗೆ ಇಳಿದ. ಗೆಳೆಯನ ಮಡಿಲಿನಲ್ಲಿ, ಬಿಲ್ವಪತ್ರೆಯ ನಡುವೆ ಅದನ್ನು ಇಟ್ಟ. ಮೇಲಿನಿಂದ ಬುಟ್ಟಿಯಲ್ಲಿ ಕೊಟ್ಟ ಮಣ್ಣನ್ನು ಮುಷ್ಟಿಯಿಂದ ಒತ್ತುತ್ತ ಬಂದ; ಮೊದಲು ಮಂಡಿಯ ಸುತ್ತ, ಆಮೇಲೆ ಸೊಂಟದ ಬಳಿ, ಆಮೇಲೆ ತೋಳಿನ ಸಂದಿಗೆ. ಎಲ್ಲಿಯೂ ಪೊಳ್ಳು ಉಳಿಯದಂತೆ, ಫೌಂಡ್ರಿಯ ಮರಳಿನಲ್ಲಿ ಪ್ಯಾಟರ್ನ್ ಕೂರಿಸುವ ಹಾಗೆಯೇ. ಮಡಿಲು ತುಂಬಿತು. ಕೆಂಪು ಕಟ್ಟಿಗೆ ಕಣ್ಮರೆಯಾಯಿತು.

ಕೆಲಸ ಯಾರಿಗಾಗಿಯೋ ಅವರ ಹೆಸರು ಬರೆಯುವ ಎರಡನೆಯ ಹೋಳಿನ ಮೇಲೆ, ಪೆನ್ಸಿಲ್ಲನ್ನು ಒತ್ತಿ ಹಿಡಿದು, ಈರಣ್ಣ ಒಂದೇ ಹೆಸರು ಬರೆದಿದ್ದ.

ಅಕ್ಕವ್ವ.